ವ್ರತಧಾರಿ ಹರ್ಡೇಕರ ಮಂಜಪ್ಪನವರು

ನಮ್ಮ ನಾಡಿನ ವರ್ಷಕ್ಕೆ ಹನ್ನೆರಡು ತಿಂಗಳಿರುವಂತೆಯೇ ಆ ತಿಂಗಳುಗಳಿಗೆ ತಕ್ಕ ನೇಮಗಳೂ ಉಂಟು. ಶ್ರಾವಣ ಬಂದಿತೆಂದರೆ ಸೋಮವಾರ ಶನಿವಾರಗಳ ಒಪ್ಪೊತ್ತು, ಕಾರ್ತಿಕದಲ್ಲಿ ಸಂಜೆಯ ದೀಪ, ಧನುರ್ಮಾಸದಲ್ಲಿ ಬೆಳಗಿನ ಜಾವದ ಪೂಜೆ, ಮಾಘದಲ್ಲಿ ಪ್ರಾತಃಸ್ನಾನ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಬಯಲುಸೀಮೆಯ ಊರುಗಳಲ್ಲಿ ಮಳೆಯ ಲೆಕ್ಕ ತಪ್ಪಬಹುದು, ಈ ನೇಮಗಳ ಲೆಕ್ಕ ತಪ್ಪುವುದಿಲ್ಲ. ಅಕ್ಷರವನ್ನರಿಯದ ಅಜ್ಜಿಯೂ ಯಾವ ತಿಂಗಳಲ್ಲಿ ಏನನ್ನು ಬಿಡಬೇಕು, ಏನನ್ನು ಹಿಡಿಯಬೇಕು ಎಂಬುದನ್ನು ಬಲ್ಲಳು.

ಈ ಮಾಸವ್ರತಗಳಲ್ಲಿ ಮನುಷ್ಯಸ್ವಭಾವದ ಆಳವಾದ ತಿಳಿವಳಿಕೆಯಿದೆ. ಬದುಕಿರುವವರೆಗೆ ಮಾಂಸವನ್ನು ಮುಟ್ಟಬೇಡವೆಂದರೆ ಹಿಂಜರಿಯುವವನು ಶ್ರಾವಣ ಮುಗಿಯುವವರೆಗೆ ಮುಟ್ಟಬೇಡವೆಂದರೆ ಒಪ್ಪುತ್ತಾನೆ. ಎಲ್ಲೆ ಕಾಣುತ್ತಿರುವ ದಾರಿಯನ್ನು ನಡೆಯಲು ದುರ್ಬಲನಿಗೂ ಧೈರ್ಯ ಬರುತ್ತದೆ. ಆದರೆ ಪಂಚಾಂಗವು ಹೇಳಿದ ನೇಮವನ್ನು ಹಿಡಿಯುವುದು ಒಂದು; ತನ್ನ ನೇಮವನ್ನು ತಾನೇ ಆರಿಸಿ, ಒಂದು ಕೈಗೂಡಿದೊಡನೆ ಮತ್ತೊಂದನ್ನು ಹೊತ್ತುಕೊಂಡು, ಹಿಂದಿನದನ್ನೂ ಬಿಡದೆ ಮುಂದೆ ಸಾಗುವುದು ಇನ್ನೊಂದು. ಈ ಎರಡನೆಯ ದಾರಿಯಲ್ಲಿ ಬಾಳನ್ನೆಲ್ಲ ನಡೆಸಿದವರು ಹರ್ಡೇಕರ ಮಂಜಪ್ಪನವರು. ಅವರ ಕಾರ್ಯಕ್ಷೇತ್ರಗಳಾದ ದಾವಣಗೆರೆ ಮತ್ತು ಹರಿಹರಗಳು 1997ರವರೆಗೂ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಇದ್ದುವಾದ್ದರಿಂದ, ಈ ಸೀಮೆಯವರಿಗೆ ಅವರು ಪರಸ್ಥಳದ ಮಹಾಪುರುಷರೇನೂ ಅಲ್ಲ.

ಮಂಜಪ್ಪನವರು ಹುಟ್ಟಿದ್ದು 1886ರಲ್ಲಿ, ಉತ್ತರ ಕನ್ನಡದ ಬನವಾಸಿಯಲ್ಲಿ. ಕದಂಬರ ರಾಜಧಾನಿಯೆಂದು ಇತಿಹಾಸಪ್ರಸಿದ್ಧವಾದ ಆ ಊರಿನಲ್ಲಿ ಅವರ ಮನೆತನವು ಮಾತ್ರ ಬಡತನದಲ್ಲಿತ್ತು. ಮುಲ್ಕಿ ಪರೀಕ್ಷೆಯವರೆಗೆ ಓದಿ, ಶಿರಸಿಯಲ್ಲಿ ಶಾಲೆಯ ಉಪಾಧ್ಯಾಯರಾದರು. ಅಂದಿನ ಬಡ ಕುಟುಂಬವೊಂದಕ್ಕೆ ತಿಂಗಳಿಗೊಮ್ಮೆ ತಪ್ಪದೆ ಬರುವ ಸಂಬಳವೆಂದರೆ, ಅದೆಷ್ಟೇ ಅಲ್ಪವಾಗಿರಲಿ, ದೊಡ್ಡ ಆಸರೆ. ಆ ಆಸರೆಯನ್ನು ನೆಮ್ಮಿಕೊಂಡು ಸಾವಿರಾರು ಜನ ಸಜ್ಜನರು ಬಾಳಿ ಬದುಕಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ.

1905ರಲ್ಲಿ ವಂಗದೇಶವು ಇಬ್ಭಾಗವಾಯಿತು. ಸ್ವದೇಶಿಯ ಕೂಗು ಬಂಗಾಳದಿಂದ ಹೊರಟು ಮಹಾರಾಷ್ಟ್ರವನ್ನು ಮುಟ್ಟಿ, ಅಲ್ಲಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಿಗೂ ಹಬ್ಬಿತು. ಲೋಕಮಾನ್ಯ ಟಿಳಕರ ‘ಕೇಸರಿ’ ಪತ್ರಿಕೆಯು ತರುಣರ ಮನಸ್ಸನ್ನು ಕಲಕುತ್ತಿದ್ದ ಕಾಲವದು. ಆ ಪ್ರಭಾವಕ್ಕೆ ಒಳಗಾದ ಮಂಜಪ್ಪನವರು 1906ರಲ್ಲಿ ಉಪಾಧ್ಯಾಯವೃತ್ತಿಗೆ ರಾಜೀನಾಮೆಯಿತ್ತರು. ಆಗ ಅವರಿಗೆ ಇಪ್ಪತ್ತೇ ವರ್ಷ. ಪರದೇಶದ ಸರಕನ್ನು ತೊರೆಯುವುದು ಆ ದಿನಗಳಲ್ಲಿ ಅನೇಕರು ಕೈಕೊಂಡ ನೇಮ. ಪರದೇಶದ ಸರಕಾರದ ಸಂಬಳವನ್ನೇ ತೊರೆಯುವುದು ಅದಕ್ಕಿಂತ ಕಠಿನವಾದದ್ದು. ಬಟ್ಟೆಯನ್ನು ಬಿಟ್ಟವನಿಗೆ ಬೇರೆ ಬಟ್ಟೆ ದೊರಕೀತು. ಅನ್ನದ ದಾರಿಯನ್ನು ಬಿಟ್ಟವನಿಗೆ ಬೇರೆ ದಾರಿಯನ್ನು ಯಾರೂ ತೋರಿಸಿಕೊಡುವುದಿಲ್ಲ. ಇದು ಅವರ ಮೊದಲನೆಯ ವ್ರತ.

ಶಿರಸಿಯನ್ನು ಬಿಟ್ಟು ಅವರು ಬಂದುದು ಮೈಸೂರು ಸಂಸ್ಥಾನದ ದಾವಣಗೆರೆಗೆ. ಅದು ಹತ್ತಿಯ ವ್ಯಾಪಾರದ ಊರು, ರೈಲುದಾರಿಯ ಊರು. ವರ್ತಕರೂ ಕೂಲಿಕಾರರೂ ಕೂಡಿದ ಊರು. ಅಲ್ಲಿ ಅಣ್ಣ ಮಧುಲಿಂಗಪ್ಪನವರ ಜೊತೆಗೂಡಿ ಅದೇ 1906ರಲ್ಲಿ ‘ಧನುರ್ಧಾರಿ’ ಎಂಬ ವಾರಪತ್ರಿಕೆಯನ್ನು ಹೊರಡಿಸಿದರು. ಬಿಲ್ಲನ್ನು ಹಿಡಿದವನೆಂಬ ಆ ಹೆಸರಿನಲ್ಲಿಯೇ ಅಂದಿನ ತಾರುಣ್ಯದ ಆವೇಶವು ಕಾಣುತ್ತದೆ. ಆದರೆ ಕಾಲವು ಪತ್ರಿಕೆಗಳಿಗೆ ಅನುಕೂಲವಾಗಿರಲಿಲ್ಲ. 1908ರಲ್ಲಿ ಟಿಳಕರು ಶಿಕ್ಷೆಗೊಳಗಾಗಿ ಮಂಡಾಲೆಯ ಸೆರೆಮನೆಗೆ ಹೋದರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗಳನ್ನು ಹತೋಟಿಯಲ್ಲಿಡುವ ಕಾಯಿದೆಯು ಜಾರಿಗೆ ಬಂದು, ಹೆಸರಾಂತ ಪತ್ರಿಕೆಗಳೇ ಕಣ್ಣುಮುಚ್ಚಿದುವು. ಪರರಿಗೆ ಬುದ್ಧಿ ಹೇಳುವ ಲೇಖನಿಗೆ ಕಟ್ಟು ಬಿದ್ದಾಗ, ಆ ಬುದ್ಧಿಯನ್ನು ಬರೆದವನೇ ಬಾಳಿ ತೋರಿಸುವ ಮಾರ್ಗವೊಂದು ಉಳಿದಿರುತ್ತದೆ. ಮಂಜಪ್ಪನವರ ಜೀವನವು ಹೊರಳಿದ್ದು ಆ ಕಡೆಗೆ.

ಇಲ್ಲಿ ದೂರದೇಶದ ಇನ್ನೊಬ್ಬ ಮುದ್ರಕನ ನೆನಪಾಗುವುದು ಸಹಜ. ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್ 1706ರಲ್ಲಿ ಹುಟ್ಟಿದವನು. ಫಿಲಡೆಲ್ಫಿಯ ನಗರದಲ್ಲಿ ಅಚ್ಚುಕೂಟವನ್ನಿಟ್ಟು ಪತ್ರಿಕೆಯನ್ನು ನಡೆಸಿದವನು. ತನ್ನ ನಡತೆಯನ್ನು ತಿದ್ದಿಕೊಳ್ಳಲೆಂದು ಅವನು ಮಿತಾಹಾರ, ಮೌನ, ಅಚ್ಚುಕಟ್ಟು, ಮಿತವ್ಯಯ ಮೊದಲಾದ ಹದಿಮೂರು ಗುಣಗಳ ಪಟ್ಟಿಯನ್ನು ಮಾಡಿಕೊಂಡನು. ಎಲ್ಲವನ್ನೂ ಒಟ್ಟಿಗೆ ಹಿಡಿಯಹೋದರೆ ಒಂದೂ ಕೈಗೆ ಸಿಗದೆಂದು ಬಗೆದು, ವಾರಕ್ಕೆ ಒಂದು ಗುಣವನ್ನು ಮಾತ್ರ ಗುರಿಯಾಗಿಟ್ಟುಕೊಂಡನು. ಒಂದು ಚಿಕ್ಕ ಪುಸ್ತಕದಲ್ಲಿ ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಎಳೆದು, ತಪ್ಪಿದ ದಿನ ಒಂದು ಕಪ್ಪು ಚುಕ್ಕೆಯನ್ನಿಡುತ್ತಿದ್ದನು. ಹದಿಮೂರು ವಾರಗಳಿಗೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಅಚ್ಚುಕಟ್ಟೆಂಬ ಗುಣವು ತನಗೆ ಕೊನೆಯವರೆಗೂ ಸರಿಯಾಗಿ ಒಲಿಯಲಿಲ್ಲವೆಂದು ತನ್ನ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ವಿನಯವು ಆ ಪಟ್ಟಿಯಲ್ಲಿ ಮೊದಲು ಇರಲೇ ಇಲ್ಲ. ಅವನಲ್ಲಿ ಗರ್ವವಿದೆಯೆಂದು ಸ್ನೇಹಿತನೊಬ್ಬನು ತೋರಿಸಿಕೊಟ್ಟ ಮೇಲೆ ಕಡೆಯದಾಗಿ ಸೇರಿತು.

ಫ್ರಾಂಕ್ಲಿನ್ನನನ್ನು ಮಂಜಪ್ಪನವರ ಗುರುವೆಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಒಂದೇ ವೃತ್ತಿಯ ಇಬ್ಬರು, ಒಂದೇ ಬಗೆಯ ಹಂಬಲದಿಂದ, ಬೇರೆ ಬೇರೆ ದಾರಿಗಳನ್ನು ತುಳಿದ ಬಗೆಯನ್ನು ಕಾಣುವುದಷ್ಟೆ. ಫ್ರಾಂಕ್ಲಿನ್ನನ ವ್ರತಕ್ಕೆ ಸಾಕ್ಷಿ ಅವನ ಕಿರುಪುಸ್ತಕ. ಅದರ ಚುಕ್ಕೆಗಳನ್ನು ಇಡುವವನೂ ಅವನೇ, ಅಳಿಸುವವನೂ ಅವನೇ. ಮಂಜಪ್ಪನವರ ವ್ರತಕ್ಕಾದರೋ ಊರೇ ಸಾಕ್ಷಿ.

1910ರ ಸುಮಾರಿಗೆ ಅವರು ಆಜನ್ಮ ಬ್ರಹ್ಮಚರ್ಯದ ವ್ರತವನ್ನು ಕೈಕೊಂಡರು. ಆಗಿನ್ನೂ ಇಪ್ಪತ್ತನಾಲ್ಕರ ಹರೆಯ. ಅವರು ಕಾವಿಯನ್ನುಟ್ಟು ಮಠವನ್ನೇರಿದವರಲ್ಲ. ಊರ ನಡುವೆ, ಪತ್ರಿಕೆಯ ಕೆಲಸ, ಜನರ ಕೆಲಸಗಳ ನಡುವೆ ಇದ್ದುಕೊಂಡೇ ಈ ನೇಮವನ್ನು ಹಿಡಿದರು. ಸಂನ್ಯಾಸಿಗೆ ಕಾವಿಯ ಕಾಪಿರುತ್ತದೆ, ಮಠದ ಗೋಡೆಯ ಮರೆಯಿರುತ್ತದೆ, ಪರಂಪರೆಯ ಬೆಂಬಲವಿರುತ್ತದೆ. ಬಿಳಿಯ ಬಟ್ಟೆಯ ಬ್ರಹ್ಮಚಾರಿಗೆ ಇವಾವುವೂ ಇಲ್ಲ. ಮೊದಲನೆಯ ವ್ರತದಿಂದ ಸಂಬಳವು ಹೋಗಿತ್ತು. ಈ ವ್ರತದಿಂದ ಸಂಸಾರವೂ ಹೋಯಿತು. ಅವರು ತೆತ್ತ ಬೆಲೆಯನ್ನು ಮರೆತು ಅವರ ಕೀರ್ತಿಯನ್ನು ಮಾತ್ರ ಹೇಳುವುದು ನ್ಯಾಯವಾಗದು.

ಇಲ್ಲಿಯವರೆಗಿನದು ಒಬ್ಬನ ಸಾಧನೆ. ಮಂಜಪ್ಪನವರ ವೈಶಿಷ್ಟ್ಯವಿರುವುದು ಇದರ ಮುಂದಿನ ಹೆಜ್ಜೆಯಲ್ಲಿ. 1911ರ ಶ್ರಾವಣಮಾಸದಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ, ಅಲ್ಲಿಯ ಮೃತ್ಯುಂಜಯ ಸ್ವಾಮಿಗಳ ಆಶ್ರಯದಲ್ಲಿ, ತಿಂಗಳ ಭಜನೆಯನ್ನೂ ಪ್ರವಚನವನ್ನೂ ಏರ್ಪಡಿಸಿದರು. ಮೇಲುನೋಟಕ್ಕೆ ಇದರಲ್ಲಿ ಹೊಸತೇನು ಕಾಣದು. ಶ್ರಾವಣದಲ್ಲಿ ಪುರಾಣವನ್ನು ಹೇಳಿಸುವುದು ನಮ್ಮ ಊರೂರಿನ ಪದ್ಧತಿ. ಆದರೆ ಯೋಚಿಸಿ ನೋಡಿದರೆ ಆ ಆಯ್ಕೆಯ ವಿವೇಕವು ತಿಳಿಯುತ್ತದೆ. ತಾವು ಹೊತ್ತಂಥ ಆಜನ್ಮವ್ರತವನ್ನು ಅಂಗಡಿಯ ವರ್ತಕನಿಗೂ ಹತ್ತಿಯ ಹಮಾಲನಿಗೂ ಬೋಧಿಸಹೋದರೆ ಕೇಳುವವರಾರು? ತಿಂಗಳ ನೇಮವಾದರೆ ಎಲ್ಲರೂ ಬಲ್ಲರು. ಹಳೆಯ ಮಾಸವ್ರತದ ಅಚ್ಚಿನಲ್ಲಿಯೇ ಹೊಸ ಎರಕವನ್ನು ಹೊಯ್ದುದು ಅವರ ಜಾಣ್ಮೆ. ಒಬ್ಬೊಬ್ಬನೇ ತನ್ನ ಮನೆಯಲ್ಲಿ ಹಿಡಿಯುತ್ತಿದ್ದ ನೇಮವನ್ನು ಊರು ಒಂದೆಡೆ ಕುಳಿತು ಹಿಡಿಯುವಂತಾಯಿತು. ತಿಂಗಳು ಮುಗಿದೊಡನೆ ಭಜನೆಯು ಮುಗಿಯಿತಾದರೂ ಕೂಡುವ ಅಭ್ಯಾಸವು ಮುಗಿಯಲಿಲ್ಲ.

ಆ ಅಭ್ಯಾಸದ ಫಲವು ಎರಡೇ ವರ್ಷಗಳಲ್ಲಿ ಕಾಣಿಸಿಕೊಂಡಿತು. 1913ರಲ್ಲಿ ಅದೇ ದಾವಣಗೆರೆಯ ವಿರಕ್ತಮಠದಲ್ಲಿ ಬಸವಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸಲು ಅವರು ಮೊದಲುಮಾಡಿದರು. ಟಿಳಕರು ಮಹಾರಾಷ್ಟ್ರದಲ್ಲಿ ಗಣೇಶೋತ್ಸವವನ್ನು ಮನೆಯಿಂದ ಬೀದಿಗೆ ತಂದು ಇಪ್ಪತ್ತು ವರ್ಷಗಳಾಗಿದ್ದುವು. ಮಂಜಪ್ಪನವರು ಆರಿಸಿದುದು ದೇವತೆಯನ್ನಲ್ಲ, ಹನ್ನೆರಡನೆಯ ಶತಮಾನದಲ್ಲಿ ನಡೆ ನುಡಿಗಳ ಐಕ್ಯವನ್ನು ಸಾರಿದ ಒಬ್ಬ ಮನುಷ್ಯನನ್ನು. ಬಸವಣ್ಣನವರನ್ನು ಪೂಜೆಯ ಮೂರ್ತಿಯಾಗಿ ಮಾತ್ರ ಕಾಣದೆ, ಕಾಯಕವನ್ನು ಬೋಧಿಸಿದ ಸಮಾಜಪುರುಷನನ್ನಾಗಿ ಹೊಸ ಕಾಲದ ಜನಕ್ಕೆ ತೋರಿಸಿಕೊಟ್ಟವರಲ್ಲಿ ಅವರು ಮೊದಲಿಗರ ಸಾಲಿನವರು.

ಮುಂದೆ ಗಾಂಧೀಜಿಯವರ ಯುಗ. 1915ರಲ್ಲಿ ಅಹಮದಾಬಾದಿನಲ್ಲಿ ಸತ್ಯಾಗ್ರಹಾಶ್ರಮವು ಸ್ಥಾಪನೆಯಾದಾಗ ಅದರ ತಳಹದಿಯೇ ವ್ರತಗಳಾಗಿದ್ದುವು: ಸತ್ಯ, ಅಹಿಂಸೆ, ಬ್ರಹ್ಮಚರ್ಯ, ಅಸ್ವಾದ, ಅಸ್ತೇಯ, ಅಪರಿಗ್ರಹ ಮುಂತಾದುವು. 1930ರಲ್ಲಿ ಯರವಡಾ ಸೆರೆಮನೆಯಲ್ಲಿದ್ದಾಗ ಗಾಂಧೀಜಿಯವರು ಮಂಗಳವಾರಕ್ಕೊಂದರಂತೆ ಈ ವ್ರತಗಳನ್ನು ಕುರಿತು ಆಶ್ರಮವಾಸಿಗಳಿಗೆ ಪತ್ರಗಳನ್ನು ಬರೆದರು. ಅಲ್ಲಿಯೂ ಕ್ರಮವು ಒಂದಾದ ಮೇಲೊಂದು ಎಂಬುದೇ. ಬ್ರಹ್ಮಚರ್ಯ, ಸ್ವದೇಶಿ, ಸರಳತೆಗಳನ್ನು ಗಾಂಧೀಜಿಯವರು ಭಾರತಕ್ಕೆ ಹಿಂದಿರುಗುವ ಮೊದಲೇ ತಮ್ಮ ಬಾಳಿನಲ್ಲಿ ತಂದುಕೊಂಡಿದ್ದ ಮಂಜಪ್ಪನವರಿಗೆ ಈ ದಾರಿಯು ಅಪರಿಚಿತವಾಗಿ ಕಂಡಿರಲಾರದು. ಅವರು ಗಾಂಧೀಜಿಯವರ ವಿಚಾರಗಳನ್ನು ಕನ್ನಡದಲ್ಲಿ ಬರೆದು ಹರಡಿದರು. 1920ರ ದಶಕದ ಮೊದಲ ಭಾಗದಲ್ಲಿ ಹರಿಹರದ ಬಳಿ ತುಂಗಭದ್ರೆಯ ದಡದಲ್ಲಿ ಸತ್ಯಾಗ್ರಹಾಶ್ರಮವೊಂದನ್ನು ಕಟ್ಟಿದರು. ಪತ್ರಿಕೆಯ ಬಿಲ್ಲನ್ನು ಹಿಡಿದಿದ್ದ ಕೈಗೆ ಈಗ ಖಾದಿಯ ಕಾಯಕ ಬಂದಿತು. ಕರ್ನಾಟಕದ ಗಾಂಧಿ ಎಂದು ಜನರು ಅವರನ್ನು ಕರೆದುದು ಅಕಾರಣವಾಗಿ ಅಲ್ಲ.

1927ರಲ್ಲಿ ಅವರು ತಮ್ಮ ಕಾರ್ಯಸ್ಥಾನವನ್ನು ವಿಜಾಪುರ ಜಿಲ್ಲೆಯ ಆಲಮಟ್ಟಿಗೆ, ಕೃಷ್ಣೆಯ ದಡಕ್ಕೆ, ಬದಲಾಯಿಸಿದರು. ನಾಲ್ವತ್ತನ್ನು ದಾಟಿದವನು ಕಟ್ಟಿದುದನ್ನು ಬಿಟ್ಟು, ಬರಗಾಲಕ್ಕೆ ಹೆಸರಾದ ಸೀಮೆಯಲ್ಲಿ ಮತ್ತೆ ಮೊದಲಿನಿಂದ ಆರಂಭಿಸುವುದು ಸಾಮಾನ್ಯದ ಮಾತಲ್ಲ. ಅಲ್ಲಿ ವಿದ್ಯಾಲಯವನ್ನು ನಡೆಸಿದರು. ಓದಿನ ಜೊತೆಗೆ ಕೈಕೆಲಸವೂ ಇರಬೇಕೆಂಬುದು ಅವರ ಶಿಕ್ಷಣದ ಸಾರ. ಶಿರಸಿಯಲ್ಲಿ ಬಿಟ್ಟುಬಂದಿದ್ದ ಉಪಾಧ್ಯಾಯವೃತ್ತಿಯು ಇಪ್ಪತ್ತು ವರ್ಷಗಳ ಅನಂತರ, ಸಂಬಳದ ಹಂಗಿಲ್ಲದೆ, ಹೀಗೆ ಅವರಿಗೆ ಮರಳಿ ದೊರೆಯಿತು. ‘ಖಾದಿ ವಿಜಯ’, ‘ಉದ್ಯೋಗ’, ‘ಶರಣ ಸಂದೇಶ’ ಎಂಬ ಪತ್ರಿಕೆಗಳ ಹೆಸರುಗಳನ್ನು ‘ಧನುರ್ಧಾರಿ’ಯ ಹೆಸರಿನ ಪಕ್ಕದಲ್ಲಿಟ್ಟು ನೋಡಿದರೆ ಅವರ ಬೆಳವಣಿಗೆಯ ಚರಿತ್ರೆಯೇ ಕಣ್ಣಿಗೆ ಕಟ್ಟುತ್ತದೆ: ಬಿಲ್ಲಿನಿಂದ ನೂಲಿಗೆ, ನೂಲಿನಿಂದ ದುಡಿಮೆಗೆ, ದುಡಿಮೆಯಿಂದ ಶರಣರ ವಾಣಿಗೆ. 1947ರ ಜನವರಿ 3ರಂದು ಅವರು ತೀರಿಕೊಂಡರು. ಇಪ್ಪತ್ತರ ವಯಸ್ಸಿನಲ್ಲಿ ಯಾವುದಕ್ಕಾಗಿ ಸಂಬಳವನ್ನು ತೊರೆದಿದ್ದರೋ ಆ ಸ್ವಾತಂತ್ರ್ಯವು ಬರಲು ಇನ್ನು ಎಂಟು ತಿಂಗಳೂ ಉಳಿದಿರಲಿಲ್ಲ.

ವ್ರತದ ಬದುಕನ್ನು ಹೊಗಳುವುದು ಸುಲಭ. ಅದರ ಅಪಾಯಗಳನ್ನು ಮರೆಯಬಾರದು. ಒಂದರ ಮೇಲೊಂದು ನೇಮವನ್ನು ಗೆದ್ದವನಿಗೆ ಗೆದ್ದೆನೆಂಬ ಬಿಂಕವು ಬರಬಹುದು. ವಿನಯದಲ್ಲಿಯೂ ತನಗೆ ಗರ್ವ ಬಂದೀತೆಂದು ಫ್ರಾಂಕ್ಲಿನ್ನನೇ ಶಂಕಿಸಿದ್ದುಂಟು. ತನ್ನನ್ನು ಬಿಗಿಹಿಡಿದವನು ಇತರರನ್ನೂ ಅದೇ ಬಿಗಿಯಿಂದ ಅಳೆಯತೊಡಗಿದರೆ, ಅವನ ನೆರಳಿನಲ್ಲಿ ಹುಲ್ಲೂ ಬೆಳೆಯದು. ಎಷ್ಟೋ ಆಶ್ರಮಗಳು ಅವುಗಳನ್ನು ಕಟ್ಟಿದವರ ತಪಸ್ಸಿನ ಬಲದಿಂದ ನಿಂತು, ಅವರೊಡನೆಯೇ ಬಿದ್ದುಹೋದುದನ್ನು ನಾವು ಕಂಡಿದ್ದೇವೆ. ಒಬ್ಬನ ಕಟ್ಟುನಿಟ್ಟು ಇನ್ನೊಬ್ಬನಿಗೆ ಆಸ್ತಿಯಂತೆ ಇಳಿದು ಬರುವುದಿಲ್ಲ.

ಹಾಗಾದರೆ ಉಳಿದುದೇನು? ಮಂಜಪ್ಪನವರು ತಮ್ಮೊಬ್ಬರಿಗಾಗಿ ಹೊತ್ತ ಕಠಿನವ್ರತಗಳನ್ನು ಇಂದು ನೆನೆಯುವವರು ಕೆಲವರು ಮಾತ್ರ. ಎಲ್ಲರಿಗೂ ಎಟಕುವಂತೆ ಅವರು ಕಟ್ಟಿಕೊಟ್ಟ ಸಣ್ಣ ನೇಮಗಳು ಉಳಿದಿವೆ. ದಾವಣಗೆರೆಯ ವಿರಕ್ತಮಠದ ಶ್ರಾವಣ ಪ್ರವಚನವು ನೂರು ವರ್ಷಗಳನ್ನು ದಾಟಿತು. ಒಂದು ಮಠದಲ್ಲಿ ಮೊದಲಾದ ಬಸವಜಯಂತಿಯು ನಾಡಿನ ಹಬ್ಬವಾಗಿ, ಸರಕಾರಿ ರಜೆಯ ದಿನವಾಗಿ ಬೆಳೆಯಿತು. 2024ರಲ್ಲಿ ಕರ್ನಾಟಕ ಸರಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ರಜೆಯನ್ನು ಅನುಭವಿಸುವ ವಿದ್ಯಾರ್ಥಿಗಳಲ್ಲಿ ಅದರ ಮೂಲದಲ್ಲಿ ಬನವಾಸಿಯ ಬಡ ಉಪಾಧ್ಯಾಯನೊಬ್ಬನಿದ್ದನೆಂದು ಬಲ್ಲವರು ವಿರಳ.

ಆದಕಾರಣ ಅವರ ಚರಿತ್ರೆಯನ್ನು ಓದುವ ತರುಣರು ಅವರ ಆಜನ್ಮವ್ರತವನ್ನು ಕಂಡು ಬೆದರಬೇಕಾದ ಕಾರಣವಿಲ್ಲ. ಅವರೂ ಎಲ್ಲವನ್ನೂ ಒಂದೇ ದಿನ ಹೊತ್ತವರಲ್ಲ. ಮೊದಲು ಸಂಬಳವನ್ನು ಬಿಟ್ಟರು. ಅದು ಅಭ್ಯಾಸವಾದ ಮೇಲೆ ಸಂಸಾರದ ಆಸೆಯನ್ನು ಬಿಟ್ಟರು. ಊರನ್ನು ತಿಂಗಳ ಮಟ್ಟಿಗೆ ಒಂದುಗೂಡಿಸಿದರು. ಆಮೇಲೆ ಆಶ್ರಮ, ಆಮೇಲೆ ಶಾಲೆ. ಬರುವ ತಿಂಗಳಿಗೆ ತಾನು ಹಿಡಿಯಬಲ್ಲ ಒಂದು ನೇಮ ಯಾವುದು, ಅದರಿಂದ ತನ್ನ ನೆರೆಯವನಿಗೂ ಏನಾದರೂ ಒದಗೀತೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಮಂಜಪ್ಪನವರು 1911ರ ಶ್ರಾವಣದಲ್ಲಿ ದಾವಣಗೆರೆಯ ಜನರಿಂದ ಕೇಳಿದ್ದು ಅಷ್ಟನ್ನೇ.