ಮುಸುಕಿನ ರೆಬೆಕ್ಕಳನ್ನು ಕಡೆದ ಬೆನ್ಸೋನಿ



ನಾಗಲಗಿದ್ದದ ಕಡೆಯಿಂದ ಹೈದರಾಬಾದಿಗೆ ಹೋದರೆ ನಮ್ಮಲ್ಲಿ ಅನೇಕರು ಸಾಲಾರ್ ಜಂಗ್ ಮ್ಯೂಸಿಯಂ ನೋಡಿಯೇ ಬರುತ್ತೇವೆ. ಅಲ್ಲಿ ತೆಳು ಮುಸುಕು ಹೊದ್ದು ತಲೆ ತಗ್ಗಿಸಿ ನಿಂತ ಬಿಳಿ ಅಮೃತಶಿಲೆಯ ಹೆಣ್ಣೊಬ್ಬಳಿದ್ದಾಳೆ. ಅವಳು ನಮಗೆ ಹೊಸಬಳಲ್ಲ. ಆದಿಕಾಂಡದ 24ನೇ ಅಧ್ಯಾಯದಲ್ಲಿ ಇಸಾಕನನ್ನು ದೂರದಿಂದ ಕಂಡು, ಒಂಟೆಯಿಂದ ಇಳಿದು ಮುಸುಕು ಹಾಕಿಕೊಂಡ ರೆಬೆಕ್ಕಳೇ ಆಕೆ. ಅವಳನ್ನು ಕಡೆದವರು ಜೊವಾನ್ನಿ ಮರಿಯ ಬೆನ್ಸೋನಿ.

ಬೆನ್ಸೋನಿಯವರು 1809ರಲ್ಲಿ ಉತ್ತರ ಇಟಲಿಯ ಬೆರ್ಗಮೊ ಸೀಮೆಯ ಸೊಂಗವಾತ್ಸೊ ಎಂಬ ಬೆಟ್ಟದೂರಿನ ಬಡ ಮನೆಯಲ್ಲಿ ಹುಟ್ಟಿದರು. ಸಂತ ಜೋಸೆಫರ ಕಸುಬೇ ಅವರ ಮೊದಲ ಶಾಲೆಯಾಯಿತು. ಬಂಧುವೊಬ್ಬರ ಬಡಗಿ ಅಂಗಡಿಯಲ್ಲಿ ಉಳಿ ಹಿಡಿದು ಬೆಳೆದರು. ಲೊವೆರೆ ಊರಿನ ಸಿರಿವಂತ ಲುಯಿಜಿ ತದೀನಿಯವರು ಹುಡುಗನ ಕೈಗುಣವನ್ನು ಗುರುತಿಸಿದರು. ತದೀನಿಯವರು ಸ್ವಂತ ಮಗನನ್ನು ಅಪಘಾತದಲ್ಲಿ ಕಳೆದುಕೊಂಡವರು. ಆ ಮಗನ ಸ್ಮಾರಕವನ್ನು ಕಡೆದುಕೊಟ್ಟವರು ಹೆಸರಾಂತ ಶಿಲ್ಪಿ ಕನೋವ. ಮಗನನ್ನು ಕಳೆದುಕೊಂಡ ಆ ತಂದೆ ಬಡವರ ಮಗನನ್ನು ಕಲಿಯಲೆಂದು ರೋಮಿಗೆ ಕಳುಹಿಸಿದರು.

ರೋಮಿನಲ್ಲಿ ಸಂತ ಲೂಕರ ಹೆಸರಿನ ಕಲಾಶಾಲೆ ಅವರನ್ನು ತಿದ್ದಿತು. ಅಂದಿನ ಶಿಲ್ಪಿಗಳಿಗೆ ಹಳೆಯ ಗ್ರೀಕ್ ಮತ್ತು ರೋಮನ್ ವಿಗ್ರಹಗಳೇ ಗುರುಗಳು. ಎದೆಮಟ್ಟದ ಅಮೃತಶಿಲೆಯ ಪ್ರತಿಮೆಗಳಿರಲಿ, ಆಳೆತ್ತರದ ವಿಗ್ರಹಗಳಿರಲಿ, ಅದೇ ಶಾಂತ ಮುಖ, ಅದೇ ತೂಗಿದ ಅಳತೆ. ಮುಂದೆ ಬೆನ್ಸೋನಿಯವರ ಕಾರ್ಯಾಗಾರದಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಸಹಾಯಕರಿದ್ದರು. ಜನ ಅವರನ್ನು ಹೊಸ ಕನೋವ ಎಂದೇ ಕರೆದರು.

ಅವರ ರೆಬೆಕ್ಕಳ ಮುಸುಕು ಬಟ್ಟೆಯದಲ್ಲ. ಮುಖವೂ ಮುಸುಕೂ ಒಂದೇ ಕಲ್ಲು. ಮುಸುಕು ಮುಖಕ್ಕೆ ಅಂಟಿದಲ್ಲಿ ನಯವಾಗಿ, ನೆರಿಗೆ ಬಿದ್ದಲ್ಲಿ ಉಬ್ಬಾಗಿ ಕಡೆದಿದ್ದಾರೆ. ಉಳಿದದ್ದನ್ನು ಬೆಳಕೇ ಮಾಡುತ್ತದೆ. ಈ ರೂಪವನ್ನು ಅವರು ಒಂದಕ್ಕಿಂತ ಹೆಚ್ಚು ಬಾರಿ ಮಾಡಿಕೊಟ್ಟರು.

1873ರಲ್ಲಿ ಬೆನ್ಸೋನಿಯವರು ರೋಮಿನಲ್ಲಿ ತೀರಿಕೊಂಡರು. ಮೂರು ವರ್ಷಗಳ ನಂತರ, 1876ರಲ್ಲಿ, ನಿಜಾಮರ ದಿವಾನರಾಗಿದ್ದ ಒಂದನೇ ಸಾಲಾರ್ ಜಂಗರು ರೋಮಿನಿಂದ ಈ ರೆಬೆಕ್ಕಳನ್ನು ಕೊಂಡು ತಂದರು. ಆಗ ನಮ್ಮ ಸೀಮೆಯೂ ನಿಜಾಮರ ಆಡಳಿತದಲ್ಲೇ ಇತ್ತು. ಬಡಗಿ ಅಂಗಡಿಯ ಹುಡುಗನ ಕೆಲಸ, ಅವರು ಕಾಣದ ನಾಡಿಗೆ ಹೀಗೆ ಬಂದು ನಿಂತಿತು. ಸರ್ವ ಧರ್ಮದ ಜನರೂ ಬೈಬಲಿನ ಈ ಹೆಣ್ಣುಮಗಳ ಮುಂದೆ ಇಂದಿಗೂ ಮೌನವಾಗಿ ನಿಲ್ಲುತ್ತಾರೆ.

ಪ್ರಿಯರೇ, ತದೀನಿಯವರು ಅಂದು ಆ ಹುಡುಗನನ್ನು ಗಮನಿಸದಿದ್ದರೆ ಅವನ ಕೈ ಮರದ ಕೆಲಸದಲ್ಲೇ ಉಳಿಯುತ್ತಿತ್ತೇನೋ. ನಮ್ಮ ನಡುವೆಯೂ ಕನ್ನಡ, ತೆಲುಗು, ಮರಾಠಿ ಮನೆಮಾತಿನ ಮಕ್ಕಳಿದ್ದಾರೆ. ಹಾಡುವ, ಬರೆಯುವ, ಕೆತ್ತುವ ವರವನ್ನು ದೇವರು ಯಾರ ಕೈಗೆ ಕೊಟ್ಟಿದ್ದಾರೋ ನಾವು ನೋಡಿದ್ದೇವೆಯೇ? ಫೀಸಿಗೆ ಹಣವಿಲ್ಲದೆ ನಿಂತುಹೋಗುವ ಒಂದು ಮಗುವಿಗಾದರೂ ನಾವು ತದೀನಿಯವರಂತೆ ಆಸರೆಯಾಗೋಣ.