ಮರಳುಕಾಳಿನಿಂದ ಚಂಡಮಾರುತದವರೆಗೆ

ಚೆನ್ನೈಗೆ ಬಂದ ಮೇಲೆ ಡಿಸೆಂಬರ್ ಎಂದರೆ ಚಳಿಯಲ್ಲ, ಚಂಡಮಾರುತ ಎಂಬುದು ರೂಢಿಯಾಗಿಬಿಟ್ಟಿದೆ. ಗಾಳಿಯ ದತ್ತಾಂಶ ಸೋಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಹೊಟ್ಟೆಪಾಡು. ಅಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕೊಂದಿದೆ: ಚಂಡಮಾರುತ ಒಂದೇ, ಆದರೆ ಎರಡು ಹವಾಮಾನ ಕೇಂದ್ರಗಳು ಎರಡು ವೇಗ ಹೇಳುತ್ತವೆ. ಒಂದು ವಿಮಾನ ನಿಲ್ದಾಣದ ಬಯಲಿನಲ್ಲಿರುತ್ತದೆ, ಇನ್ನೊಂದರ ಸುತ್ತ ಮನೆ, ಮರ. ಯಾವುದು ಸುಳ್ಳು? ಎರಡೂ ಅಲ್ಲ. ನೆಲ ಒರಟಾದಷ್ಟೂ ಗಾಳಿಗೆ ತಡೆ ಹೆಚ್ಚು. ಆ ಒರಟುತನವನ್ನು ಅಂದಾಜು ಮಾಡಿ ಎರಡನ್ನೂ ಒಂದೇ ತಕ್ಕಡಿಗೆ ತರಬೇಕು. ಈ ಲೆಕ್ಕದ ಬೇರು ಹುಡುಕಿಕೊಂಡು ಹೋದರೆ ಸಿಗುವವರು ಜರ್ಮನಿಯ ಲುಡ್ವಿಗ್ ಪ್ರಾಂಟಲ್.

ಪ್ರಾಂಟಲ್ ಹುಟ್ಟಿದ್ದು 1875ರಲ್ಲಿ, ಬವೇರಿಯಾದ ಫ್ರೈಸಿಂಗ್ ಎಂಬ ಊರಿನಲ್ಲಿ. ತಾಯಿಗೆ ಸದಾ ಕಾಯಿಲೆ. ಹಾಗಾಗಿ ಹುಡುಗ ತಂದೆಯ ಬೆನ್ನಿಗೇ ಬೆಳೆದ. ತಂದೆ ಎಂಜಿನಿಯರಿಂಗ್ ಪ್ರಾಧ್ಯಾಪಕರು. ಕಣ್ಣಿಗೆ ಕಂಡದ್ದನ್ನು ಕೂತು ಯೋಚಿಸುವ ಗುಣ ಬಂದದ್ದು ಅವರಿಂದ. ಮ್ಯೂನಿಕ್‌ನಲ್ಲಿ ಡಾಕ್ಟರೇಟ್ ಮುಗಿಸಿ ಕಾರ್ಖಾನೆಯೊಂದಕ್ಕೆ ಸೇರಿದಾಗ ಸಿಕ್ಕ ಕೆಲಸ, ಮರದ ಹೊಟ್ಟನ್ನು ಹೀರುವ ಕೊಳವೆಯನ್ನು ಸರಿಪಡಿಸುವುದು. ಅಗಲವಾಗುತ್ತಾ ಹೋಗುವ ಕೊಳವೆಯಲ್ಲಿ ಗಾಳಿ ಗೋಡೆಯನ್ನು ಬಿಟ್ಟು ದೂರ ಸರಿಯುತ್ತಿತ್ತು. ಏಕೆ? ಪ್ರಶ್ನೆ ತಲೆಯಲ್ಲೇ ಉಳಿಯಿತು.

1904ರಲ್ಲಿ ಹೈಡೆಲ್‌ಬರ್ಗ್‌ನ ಗಣಿತ ಸಮ್ಮೇಳನದಲ್ಲಿ ಅವರು ಉತ್ತರ ಮುಂದಿಟ್ಟರು. ಮಾತಿಗೆ ಸಿಕ್ಕಿದ್ದು ಹತ್ತೇ ನಿಮಿಷ. ಗೋಡೆಗೆ ತಾಗಿದ ಗಾಳಿ ನಿಂತೇ ಇರುತ್ತದೆ. ಅದರ ಮೇಲಿನ ತೆಳುವಾದ ಪದರದಲ್ಲಿ ಮಾತ್ರ ಘರ್ಷಣೆಯ ಆಟ. ಅದರಾಚೆ ಗಾಳಿ ಸರಾಗ. ಇದೇ ಬೌಂಡರಿ ಲೇಯರ್. ಅದೇ ವರ್ಷ ಗಾಟಿಂಗೆನ್ ವಿಶ್ವವಿದ್ಯಾಲಯ ಕರೆಯಿತು. ಆಮೇಲೆ ಬದುಕಿನ ಕೊನೆಯವರೆಗೂ ಅವರದು ಅದೇ ಊರು.

ಲೋಕವ್ಯವಹಾರದಲ್ಲಿ ಮಾತ್ರ ಪ್ರಾಂಟಲ್ ತೀರಾ ಮುಗ್ಧರು. ಗುರುಗಳಾದ ಫಾಪ್ಲ್ ಅವರ ಮಗಳನ್ನು ಕೇಳಿ ಪತ್ರ ಬರೆದರಂತೆ, ಇಬ್ಬರಲ್ಲಿ ಯಾರು ಎಂದು ಬರೆಯಲು ಮರೆತರಂತೆ! ಶಿಷ್ಯ ಥಿಯೋಡರ್ ಫಾನ್ ಕಾರ್ಮನ್ ಹೇಳುತ್ತಿದ್ದ ಕಥೆ ಇದು. 1909ರಲ್ಲಿ ಹಿರಿಯ ಮಗಳು ಗರ್ಟ್ರೂಡ್ ಜೊತೆ ಮದುವೆಯಾಯಿತು.

ಮುಂದೆ ಅದೇ ಕಾರ್ಮನ್ ಜೊತೆ ಪೈಪೋಟಿ ಶುರುವಾಯಿತು. ಸುಳಿಸುಳಿಯಾಗಿ ಹರಿಯುವ ಗಾಳಿ ನೆಲದಿಂದ ಮೇಲೆ ಹೋದಂತೆ ಹೇಗೆ ವೇಗ ಪಡೆಯುತ್ತದೆ? 1925ರಲ್ಲೇ ಪ್ರಾಂಟಲ್ ದಾರಿ ತೆರೆದಿದ್ದರೂ, 1930ರಲ್ಲಿ ಲಾಗರಿದಮ್ ನಿಯಮವನ್ನು ಮೊದಲು ಪ್ರಕಟಿಸಿದ್ದು ಕಾರ್ಮನ್. ಪ್ರಾಂಟಲ್ ತಮ್ಮದೇ ದಾರಿಯಲ್ಲಿ ಅದೇ ನಿಯಮಕ್ಕೆ ಬಂದರು. ಅವರ ಸಂಸ್ಥೆಯ ನಿಕುರಾಡ್ಸೆ, ಕೊಳವೆಗಳ ಒಳಗೋಡೆಗೆ ಒಂದೇ ಅಳತೆಯ ಮರಳುಕಾಳು ಅಂಟಿಸಿ ನೀರು ಹರಿಸಿ ಅಳೆದರು. 1933ರಲ್ಲಿ ಫಲಿತಾಂಶ ಪ್ರಕಟವಾಯಿತು: ಒರಟುತನವನ್ನು ಒಂದು ಉದ್ದವಾಗಿ ಹೇಳಬಹುದು.

ಹವಾಮಾನದವರಿಗೆ ಬೇಕಾಗಿದ್ದೂ ಅದೇ. ಮರಳಿನ ಬದಲು ಹುಲ್ಲು, ತೋಟ, ಮನೆ. ಹುಲ್ಲು ಬಯಲಿನ ಒರಟು ಉದ್ದ ಸುಮಾರು 3 ಸೆಂಟಿಮೀಟರ್. ಒತ್ತಾಗಿ ಕಟ್ಟಡಗಳಿರುವ ಕಡೆ ಒಂದು ಮೀಟರ್ ಮುಟ್ಟಬಹುದು. ಸುತ್ತಲಿನ ಚಿತ್ರ ನೋಡಿ ಅಂದಾಜು ಮಾಡಬಹುದು, ಇಲ್ಲವೇ ಗಾಳಿಯನ್ನೇ ಕೇಳಬಹುದು. ಬಯಲಿನಲ್ಲಿ 10 ಮೀಟರ್ ಎತ್ತರದ ಗಾಳಿಮಾಪಕದ ಏರಿಳಿತ ಸರಾಸರಿ ವೇಗದ ಶೇ 17ರಷ್ಟಿದ್ದರೆ, ಒರಟು ಉದ್ದ 30 ಸೆಂಟಿಮೀಟರ್ ಇರುವಲ್ಲಿ ಶೇ 28ರ ಆಸುಪಾಸು. ಏರಿಳಿತದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಒರಟುತನ ಸಿಗುತ್ತದೆ. ಗಾಳಿ ಯಾವ ದಿಕ್ಕಿನಿಂದ ಬಂತು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ; ಆದ್ದರಿಂದ ಪ್ರತಿ ದಿಕ್ಕಿಗೂ ಬೇರೆ ಲೆಕ್ಕ. ಇದರಲ್ಲಿ ತಪ್ಪಿದರೆ ಚಂಡಮಾರುತದ ಬಲವೇ ತಪ್ಪಾಗಿ ದಾಖಲಾಗುತ್ತದೆ, ನಾಳೆ ಕಟ್ಟುವ ಮನೆಯ ಲೆಕ್ಕವೂ ಕೆಡುತ್ತದೆ.

ಪ್ರಾಂಟಲ್ ಕಥೆಯನ್ನು ಇಲ್ಲಿಗೇ ಮುಗಿಸಿದ್ದರೆ ಹಿತವಾಗಿರುತ್ತಿತ್ತು. ಆದರೆ ಅದು 1933. ಹಿಟ್ಲರ್ ಬಂದ ಕೂಡಲೇ ಗಾಟಿಂಗೆನ್‌ನ ಯಹೂದಿ ಪ್ರಾಧ್ಯಾಪಕರು ಕೆಲಸ ಕಳೆದುಕೊಂಡರು. ಮ್ಯಾಕ್ಸ್ ಬಾರ್ನ್, ಕೂರಾಂಟ್ ದೇಶವನ್ನೇ ಬಿಟ್ಟರು. ಯಹೂದಿಯೇ ಆದ ಕಾರ್ಮನ್ ಅಷ್ಟರಲ್ಲಾಗಲೇ ಅಮೆರಿಕ ಸೇರಿದ್ದರು. ಪ್ರಾಂಟಲ್ ಉಳಿದರು. ಪಕ್ಷ ಸೇರಲಿಲ್ಲ, ನಿಜ. ನಾಜಿ ಬೆಂಬಲಿಗರು ಹೈಸನ್‌ಬರ್ಗ್ ಮೇಲೆ ಮುಗಿಬಿದ್ದಾಗ 1938ರಲ್ಲಿ ಹಿಮ್ಲರ್ ಬಳಿಯೇ ಅವರ ಪರ ವಾದಿಸಿದರು. ಅದೇ ವರ್ಷ ಇಂಗ್ಲೆಂಡಿನ ಗೆಳೆಯ ಜಿ.ಐ. ಟೇಲರ್‌ಗೆ ಬರೆದ ಪತ್ರದಲ್ಲಿ ಹಿಟ್ಲರನನ್ನು ಸಮರ್ಥಿಸಿದವರೂ ಅವರೇ. ಸಂಸ್ಥೆ ಬೆಳೆದದ್ದು ಗೋರಿಂಗ್‌ನ ವಿಮಾನಯಾನ ಸಚಿವಾಲಯದ ಹಣದಿಂದ, ಯುದ್ಧದ ಕೆಲಸದಿಂದ. 1945ರಲ್ಲಿ ಕಾರ್ಮನ್ ಅಮೆರಿಕದ ಸೇನಾ ಸಮವಸ್ತ್ರ ತೊಟ್ಟು ಗಾಟಿಂಗೆನ್‌ಗೆ ಬಂದು ತಮ್ಮ ಗುರುವನ್ನೇ ಪ್ರಶ್ನಿಸಿದರು. 1953ರ ಆಗಸ್ಟ್‌ನಲ್ಲಿ ಪ್ರಾಂಟಲ್ ತೀರಿಕೊಂಡರು.

ಪ್ರಾಂಟಲ್ ವಿದ್ಯೆ ನಮ್ಮೂರಿಗೂ ಬಂದಿದೆ. ಅವರಲ್ಲಿ ಡಾಕ್ಟರೇಟ್ ಮಾಡಿದ ವಿ.ಎಂ. ಘಾಟಗೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಚ್‌ಟಿ-2 ತರಬೇತಿ ವಿಮಾನ ರೂಪಿಸಿದರು, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಿದರು. ಎಂಟೆಕ್‌ನಲ್ಲಿ ಪ್ರಾಂಟಲ್ ಹೆಸರನ್ನು ಪರೀಕ್ಷೆಗೆ ಉರು ಹೊಡೆದಿದ್ದ ನನಗೆ, ಅವರು ಹಿಟ್ಲರನನ್ನು ಸಮರ್ಥಿಸಿದ್ದರೆಂದು ಗೊತ್ತಾದದ್ದು ತೀರಾ ಈಚೆಗೆ. ಆ ದಿನ ಪ್ರೋಗ್ರಾಂ ಮುಂದೆ ಕೂತಾಗ ಕೈ ಸ್ವಲ್ಪ ತಡೆಯಿತು. ಸುತ್ತಲಿನ ನೆಲ ನೋಡದೆ ಗಾಳಿಮಾಪಕದ ಅಂಕಿ ನಂಬಬಾರದು ಎಂದು ಕಲಿಸಿದವರು ಅವರೇ. ತಮ್ಮ ಸುತ್ತ ಏನು ನಡೆಯುತ್ತಿದೆ ಎಂದು ಮಾತ್ರ ಅವರು ನೋಡಲಿಲ್ಲ, ಅಥವಾ ನೋಡಿಯೂ ಕೆಲಸದಲ್ಲಿ ಮುಳುಗಿದರು. ತಲೆ ತಗ್ಗಿಸಿ ನಮ್ಮ ಕೆಲಸ ನಾವು ಮಾಡಿದರೆ ಸಾಕು ಎಂದುಕೊಂಡು ಪರಊರಿನಲ್ಲಿ ಬದುಕುವ ನನ್ನಂಥವನಿಗೆ, ಅವರ ಸೂತ್ರದಷ್ಟೇ ಇದೂ ನೆನಪಿರಬೇಕು.