ಆವಾ ಕೇಟಾ: ಗಡಿ ದಾಟಿದ ಸೂಲಗಿತ್ತಿ

ಮಕ್ಕಳೇ, ಸೂಲಗಿತ್ತಿ ಅಂದರೆ ಯಾರು ಗೊತ್ತಾ? ಗೊತ್ತಿಲ್ಲದಿದ್ದರೆ ಈ ವಾರ ಊರಿಗೆ ಫೋನ್ ಮಾಡಿದಾಗ ನಿಮ್ಮ ಅಜ್ಜಿಯನ್ನು ಕೇಳಿ. ಆಸ್ಪತ್ರೆಗಳು ದೂರವಿದ್ದ ಕಾಲದಲ್ಲಿ ಮನೆಗೇ ಬಂದು ಹೆರಿಗೆ ಮಾಡಿಸುತ್ತಿದ್ದ ಹೆಂಗಸು ಅವರು. ಮಗುವನ್ನು ಎಲ್ಲರಿಗಿಂತ ಮೊದಲು ಎತ್ತಿಕೊಳ್ಳುತ್ತಿದ್ದವರೂ ಅವರೇ.

ಈಗ ನಾನು ನಿಮಗೆ ಹೇಳುವುದು ಆಫ್ರಿಕಾದ ಒಬ್ಬ ಸೂಲಗಿತ್ತಿಯ ಕಥೆ. ಅವರ ಹೆಸರು ಆವಾ ಕೇಟಾ. ಅವರು ಮಕ್ಕಳನ್ನು ಲೋಕಕ್ಕೆ ತಂದರು, ಆಮೇಲೆ ಆಫ್ರಿಕಾದ ಬೇರೆ ಬೇರೆ ದೇಶಗಳ ಹೆಂಗಸರನ್ನು ಒಟ್ಟಿಗೆ ತರುವುದಕ್ಕೂ ದುಡಿದರು.

ಮೊದಲು ಭೂಪಟ ತೆಗೆಯಿರಿ. ಆಫ್ರಿಕಾದ ಪಶ್ಚಿಮ ಭಾಗದಲ್ಲಿ ಮಾಲಿ ಅನ್ನೋ ದೇಶ ಕಾಣುತ್ತದೆ. ಅದರ ರಾಜಧಾನಿ ಬಮಾಕೊ, ನೈಜರ್ ನದಿಯ ದಂಡೆಯ ಮೇಲಿದೆ. ಆವಾ ಹುಟ್ಟಿದ್ದು ಅಲ್ಲೇ, 1912ರಲ್ಲಿ. ಆಗ ಅಲ್ಲಿ ಫ್ರೆಂಚರ ಆಳ್ವಿಕೆ ಇತ್ತು. ಕೆಲವು ವರ್ಷಗಳ ನಂತರ ದೇಶಕ್ಕೆ ಅವರು ಇಟ್ಟ ಹೆಸರು ಫ್ರೆಂಚ್ ಸೂಡಾನ್. ಇಂದಿನ ಸೂಡಾನ್ ದೇಶವೇ ಬೇರೆ, ಗೊಂದಲ ಮಾಡಿಕೊಳ್ಳಬೇಡಿ.

ಹೆಣ್ಣುಮಕ್ಕಳು ಶಾಲೆಗೆ ಹೋಗುವುದು ಆಗ ತೀರಾ ಅಪರೂಪ. ಆವಾ ಅವರ ಅಪ್ಪ 1923ರಲ್ಲಿ ಮಗಳನ್ನು ಶಾಲೆಗೆ ಸೇರಿಸಿದರು. ಅಮ್ಮನಿಗೆ ಮಾತ್ರ ಇದು ಸ್ವಲ್ಪವೂ ಇಷ್ಟವಿರಲಿಲ್ಲ. ಹುಡುಗಿಗೆ ಅಡುಗೆ, ಮನೆಗೆಲಸ ಬಂದರೆ ಸಾಕು, ಪುಸ್ತಕ ಯಾಕೆ ಅನ್ನುವುದು ಅವರ ಎಣಿಕೆ. ಅಪ್ಪ ಪಟ್ಟು ಬಿಡಲಿಲ್ಲ, ಹುಡುಗಿಯೂ ಚೆನ್ನಾಗಿ ಓದಿದಳು. 1928ರಲ್ಲಿ ಸೂಲಗಿತ್ತಿಯ ವಿದ್ಯೆ ಕಲಿಯಲು ಡಕಾರ್ ನಗರಕ್ಕೆ ಹೋದಳು. ಡಕಾರ್ ಇರುವುದು ಇಂದಿನ ಸೆನೆಗಲ್ ದೇಶದಲ್ಲಿ, ಸಮುದ್ರದ ಪಕ್ಕ. ಬಮಾಕೊದಿಂದ ಅಲ್ಲಿಗೆ ರೈಲು ಹಾದಿಯೇ ಸುಮಾರು 1,200 ಕಿಲೋಮೀಟರ್. ಈ ರೈಲು ಹಾದಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1931ರಲ್ಲಿ ಓದು ಮುಗಿಯಿತು. ಕೆಲಸ ಸಿಕ್ಕಿದ್ದು ಎಲ್ಲಿ ಅಂತೀರಿ? ಗಾವೊ ಅನ್ನೋ ಊರಿನಲ್ಲಿ. ಸಹಾರಾ ಮರಳುಗಾಡಿನ ಅಂಚು ಅದು, ಬಮಾಕೊದಿಂದ ಬಹಳ ದೂರ. ಬಮಾಕೊದಲ್ಲಿ ಹೆಚ್ಚು ಕೇಳಿಸುವ ಮಾತು ಬಂಬಾರಾ, ಗಾವೊದಲ್ಲಿ ಸೊಂಘಾಯ್. ಹೊಸ ಊರು, ಹೊಸ ಭಾಷೆ, ಗುರುತಿನವರು ಯಾರೂ ಇಲ್ಲ. ವಯಸ್ಸು ಇನ್ನೂ 19 ವರ್ಷ. ನಮ್ಮಲ್ಲಿ ಎಷ್ಟೋ ಅಪ್ಪ ಅಮ್ಮಂದಿರಿಗೆ ಈ ದೇಶಕ್ಕೆ ಬಂದ ಮೊದಲ ದಿನಗಳು ಇಲ್ಲಿ ನೆನಪಾಗಬಹುದು, ಅಲ್ವಾ?

ಹೆರಿಗೆ ಅಂದರೆ ನಂಬಿಕೆಯ ವಿಷಯ. ಗುರುತಿಲ್ಲದವರನ್ನು ಆ ಹೊತ್ತಿನಲ್ಲಿ ಯಾರು ತಾನೇ ಒಳಗೆ ಕರೆದಾರು? ಆವಾ ಅವರು ಅಲ್ಲಿನ ಹೆಂಗಸರ ಜೊತೆ ಬೆರೆತರು, ನಿಧಾನವಾಗಿ ಅವರ ವಿಶ್ವಾಸ ಗಳಿಸಿದರು. ಸುಮಾರು 12 ವರ್ಷ ಅದೇ ಊರಿನಲ್ಲಿ ದುಡಿದರು. ಯಾವ ಮನೆಯಲ್ಲಿ ಏನು ಕಷ್ಟ, ಯಾವ ಹುಡುಗಿಗೆ ತೀರಾ ಚಿಕ್ಕ ವಯಸ್ಸಿಗೇ ಮದುವೆಯಾಯಿತು, ಎಲ್ಲವೂ ಸೂಲಗಿತ್ತಿಯ ಕಣ್ಣಿಗೆ ಬೀಳುತ್ತದೆ. ಔಷಧಿ ಒಂದರಿಂದಲೇ ಈ ಕಷ್ಟಗಳು ಹೋಗಲ್ಲ, ಕಾನೂನೂ ಬದಲಾಗಬೇಕು ಅಂತ ಅವರಿಗೆ ಅರ್ಥವಾಗುತ್ತಾ ಬಂತು.

1935ರಲ್ಲಿ ಅವರಿಗೆ ಒಬ್ಬ ಡಾಕ್ಟರ ಜೊತೆ ಮದುವೆಯಾಗಿತ್ತು. ಆವಾ ಅವರಿಗೆ ರಾಜಕೀಯದ ಆಸಕ್ತಿ ಹಚ್ಚಿದ್ದು ಗಂಡನೇ. 1946ರಲ್ಲಿ ಸ್ವಾತಂತ್ರ್ಯಕ್ಕಾಗಿ ದುಡಿಯುವ ಪಕ್ಷವೊಂದು ಶುರುವಾದಾಗ ಇಬ್ಬರೂ ಅದಕ್ಕೆ ಸೇರಿದರು. ಆದರೆ ಅವರಿಗೆ ಮಕ್ಕಳಾಗಲಿಲ್ಲ. ಗಂಡನ ಮನೆಯವರು ಒತ್ತಡ ಹಾಕಿದರು, ಕೊನೆಗೆ 1949ರಲ್ಲಿ ಇಬ್ಬರೂ ಬೇರೆಯಾದರು. ನೂರಾರು ತಾಯಂದಿರ ಕೈಗೆ ಮಗು ಕೊಟ್ಟವರ ಬದುಕಿನಲ್ಲಿ ಹೀಗಾಯಿತು. ಅವರು ಕೆಲಸ ಮಾತ್ರ ನಿಲ್ಲಿಸಲಿಲ್ಲ.

1951ರಲ್ಲಿ ಚುನಾವಣೆ ಬಂತು. ಆ ವರ್ಷ ಫ್ರೆಂಚ್ ಸರಕಾರ ಒಂದು ಹೊಸ ಕಾನೂನು ಮಾಡಿತು: ಎರಡು ಮಕ್ಕಳ ತಾಯಂದಿರಿಗೂ ಮತದಾನದ ಹಕ್ಕು. ಊರಿನ ತಾಯಂದಿರೆಲ್ಲ ಯಾರಿಗೆ ಗೊತ್ತು ಹೇಳಿ? ಸೂಲಗಿತ್ತಿಗೇ! ಗಾವೊದಲ್ಲಿ ಅವರ ಪಕ್ಷ ಗೆಲ್ಲುವುದರಲ್ಲಿ ಆವಾ ಅವರ ಪಾಲು ದೊಡ್ಡದು. ಅದೇ ವರ್ಷ ಅವರು ತಮಗಿದ್ದ ಫ್ರೆಂಚ್ ಪೌರತ್ವವನ್ನೂ ಬಿಟ್ಟುಕೊಟ್ಟರು. ಅಧಿಕಾರಿಗಳು ಸುಮ್ಮನಿರುತ್ತಾರಾ? ಶಿಕ್ಷೆಯೆಂದು ಅವರನ್ನು ಸೆನೆಗಲ್‌ನ ದಕ್ಷಿಣ ಭಾಗದ ಬಿನ್ಯೋನಾಗೆ ವರ್ಗ ಮಾಡಿದರು. ಆವಾ ಅವರು ಅಲ್ಲಿಯೂ ಹೆರಿಗೆ ಮಾಡಿಸಿದರು. ತಾಯಂದಿರ ನೋವು ಎಲ್ಲಿ ಹೋದರೂ ಒಂದೇ ತಾನೇ.

ಬಮಾಕೊಗೆ ಹಿಂತಿರುಗಿದ ಮೇಲೆ ಗೆಳತಿ ಆಯಿಸತಾ ಸೋ ಜೊತೆ ಸೇರಿ ದುಡಿಯುವ ಮಹಿಳೆಯರ ಸಂಘ ಕಟ್ಟಿದರು. 1958ರಲ್ಲಿ ಪಕ್ಷದ ಅತಿ ಮುಖ್ಯ ಸಮಿತಿಗೆ ಆಯ್ಕೆಯಾದರು. ಅದರಲ್ಲಿದ್ದ ಹೆಂಗಸು ಅವರೊಬ್ಬರೇ. ಮುಂದಿನ ವರ್ಷ ಸಿಕಾಸೊ ಪ್ರದೇಶದಿಂದ ಚುನಾವಣೆಗೆ ನಿಂತರು. ಪ್ರಚಾರಕ್ಕೆ ಹೋದಾಗ ಒಂದು ಹಳ್ಳಿಯ ಮುಖ್ಯಸ್ಥ, ಹೆಂಗಸಿನ ಮಾತು ನಾವು ಕೇಳುವುದೇ ಅಂತ ಅವರನ್ನು ಊರಿನಿಂದಾಚೆ ಹೋಗಲು ಹೇಳಿದನಂತೆ. ಅವರು ಹೋದರು, ಆದರೆ ಗೆದ್ದು ಶಾಸನಸಭೆಗೆ ಬಂದರು! ದೇಶದಲ್ಲಿ ಹಾಗೆ ಆರಿಸಿ ಬಂದ ಮೊದಲ ಮಹಿಳೆ ಅವರು.

ಈಗ ಕಥೆಯ ಮುಖ್ಯ ಭಾಗ. 1959ರ ಜುಲೈನಲ್ಲಿ ಬಮಾಕೊದಲ್ಲಿ ಒಂದು ಸಭೆ ಸೇರಿತು. ಗಿನಿ, ಸೆನೆಗಲ್, ದಹೋಮಿ ಮೊದಲಾದ ನೆರೆನಾಡುಗಳಿಂದ ಹೆಂಗಸರು ಬಂದಿದ್ದರು. (ದಹೋಮಿಗೆ ಈಗ ಬೆನಿನ್ ಅನ್ನುತ್ತಾರೆ.) ಎಲ್ಲರೂ ಸೇರಿ ಪಶ್ಚಿಮ ಆಫ್ರಿಕಾದ ಮಹಿಳೆಯರ ಒಕ್ಕೂಟ ಕಟ್ಟಿದರು. ಗಡಿ ಗೀಚಿದವರು ಹೊರಗಿನವರು, ಆದರೆ ಗಡಿಯ ಆಚೆ ಈಚೆ ಇರುವ ಹೆಂಗಸರ ಕಷ್ಟ ಒಂದೇ ಥರ. ಒಬ್ಬೊಬ್ಬರೇ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ, ಒಟ್ಟಾಗಿ ಕೇಳೋಣ ಅನ್ನುವುದು ಇದರ ಹುರುಳು.

ಆಗ ದೊಡ್ಡ ನಾಯಕರೂ ಒಂದು ಒಕ್ಕೂಟ ಕಟ್ಟಿದ್ದರು. ಸೆನೆಗಲ್ ಮತ್ತು ಸೂಡಾನ್ ಸೇರಿ ಒಂದೇ ದೇಶ, ಅದರ ಹೆಸರು ಮಾಲಿ ಫೆಡರೇಶನ್. 1960ರ ಆಗಸ್ಟ್‌ನಲ್ಲಿ ನಾಯಕರ ನಡುವೆ ಜಗಳವಾಗಿ ಅದು ಒಡೆದುಹೋಯಿತು. ಸೆಪ್ಟೆಂಬರ್ 22ರಂದು ಸೂಡಾನ್ ಭಾಗವು ಮಾಲಿ ಎಂಬ ಹೆಸರಲ್ಲೇ ಪ್ರತ್ಯೇಕ ದೇಶವಾಯಿತು. ಆವಾ ಅವರು ಓದುವ ಕಾಲದ ಆ ಬಮಾಕೊ–ಡಕಾರ್ ರೈಲು ನೆನಪಿದೆಯಾ? ಅದು ನಿಂತೇ ಹೋಯಿತು! ಮತ್ತೆ ಓಡಿದ್ದು 1963ರಲ್ಲಿ.

ರೈಲು ನಿಂತರೂ ಹೆಂಗಸರು ಕೈ ಬಿಡಲಿಲ್ಲ. 1962ರ ಜುಲೈನಲ್ಲಿ ಆಫ್ರಿಕಾದ ಇನ್ನೊಂದು ತುದಿಯಲ್ಲಿ, ಪೂರ್ವ ಕರಾವಳಿಯ ದಾರ್ ಎಸ್ ಸಲಾಮ್ ನಗರದಲ್ಲಿ, ಇನ್ನೂ ದೊಡ್ಡ ಸಭೆ ಸೇರಿತು. ಅಲ್ಲಿ ಜುಲೈ 31ರಂದು ಇಡೀ ಆಫ್ರಿಕಾದ ಮಹಿಳಾ ಸಂಘಟನೆ ಹುಟ್ಟಿತು. ಗಿನಿಯ ಜೀನ್ ಮಾರ್ಟಿನ್ ಸಿಸೆ ಅದರ ಕಾರ್ಯದರ್ಶಿಯಾದರು. ಆಫ್ರಿಕಾದ ದೇಶಗಳ ಮುಖ್ಯಸ್ಥರು ತಮ್ಮದೇ ಒಕ್ಕೂಟ ಕಟ್ಟಿದ್ದು 1963ರ ಮೇ 25ರಂದು. ಲೆಕ್ಕ ಹಾಕಿ ನೋಡಿ, ಹೆಂಗಸರು ಹತ್ತು ತಿಂಗಳು ಮುಂದಿದ್ದರು!

ಅದೇ 1962ರಲ್ಲಿ ಮಾಲಿಯಲ್ಲಿ ಹೊಸ ಮದುವೆ ಕಾನೂನು ಬಂತು. ಅದರ ಹಿಂದೆ ಆವಾ ಅವರ ದುಡಿಮೆಯೂ ಇತ್ತು. ಮದುವೆಗೆ ಹುಡುಗಿಯ ಒಪ್ಪಿಗೆಯೂ ಬೇಕು, ಕನಿಷ್ಠ ವಯಸ್ಸು ಆಗಿರಬೇಕು, ಗಂಡಿನ ಕಡೆಯವರು ಕೊಡುವ ತೆರಕ್ಕೆ ಮಿತಿ ಇರಬೇಕು ಎಂದು ಅದು ಹೇಳಿತು. ಎಲ್ಲವೂ ಸರಿಹೋಯಿತು ಅಂತಲ್ಲ. ಒಬ್ಬ ಗಂಡಸು ಹಲವು ಮದುವೆ ಆಗುವ ಪದ್ಧತಿ ಉಳಿದುಕೊಂಡಿತು. ಆದರೂ ಗಾವೊದಲ್ಲಿ ಸೂಲಗಿತ್ತಿ ಕಂಡ ಆ ಚಿಕ್ಕ ಹುಡುಗಿಯರಿಗೆ ಕಾನೂನಿನಲ್ಲಿ ಒಂದು ಜಾಗ ಸಿಕ್ಕಿತು.

1968ರ ನವೆಂಬರ್‌ನಲ್ಲಿ ಸೈನಿಕರು ಸರಕಾರವನ್ನು ಉರುಳಿಸಿದರು. ಆವಾ ಅವರ ರಾಜಕೀಯ ಬದುಕು ಅಲ್ಲಿಗೆ ಮುಗಿಯಿತು. ಕೆಲವು ವರ್ಷ ಕಾಂಗೋದ ಬ್ರಾಜಾವಿಲ್‌ನಲ್ಲಿದ್ದರು. ತಮ್ಮ ಬದುಕಿನ ಕಥೆಯನ್ನು ಫ್ರೆಂಚ್‌ನಲ್ಲಿ ಬರೆದರು. ಆ ಪುಸ್ತಕ 1975ರಲ್ಲಿ ಹೊರಬಂತು, ಮರುವರ್ಷ ಅದಕ್ಕೆ ಆಫ್ರಿಕನ್ ಸಾಹಿತ್ಯದ ದೊಡ್ಡ ಬಹುಮಾನವೂ ಬಂತು. ಹುಡುಗಿಗೆ ಪುಸ್ತಕ ಯಾಕೆ ಅಂದಿದ್ದ ಅಮ್ಮನ ಮಗಳು ತಾನೇ ಪುಸ್ತಕ ಬರೆದಳು, ನೋಡಿ! 1979ರಲ್ಲಿ ತಾಯ್ನಾಡಿಗೆ ಮರಳಿದ ಆವಾ ಅವರು 1980ರ ಮೇ ತಿಂಗಳಲ್ಲಿ ಬಮಾಕೊದಲ್ಲೇ ಕಣ್ಣು ಮುಚ್ಚಿದರು.

ಈಗಲೂ ಪ್ರತಿ ವರ್ಷ ಜುಲೈ 31ನ್ನು ಆಫ್ರಿಕಾದ ಮಹಿಳಾ ದಿನ ಎಂದು ಆಚರಿಸುತ್ತಾರೆ. ನಿಮ್ಮ ತರಗತಿಯಲ್ಲಿ ಆಫ್ರಿಕಾದಿಂದ ಬಂದ ಗೆಳೆಯರು, ಗೆಳತಿಯರು ಇದ್ದರೆ ಈ ದಿನದ ಬಗ್ಗೆ ಕೇಳಿ, ಆವಾ ಕೇಟಾ ಹೆಸರನ್ನೂ ಹೇಳಿ. ಅವರ ಊರಿನ ಒಬ್ಬರ ಕಥೆ ಕನ್ನಡ ಶಾಲೆಯಲ್ಲಿ ಓದಿದೆವು ಅಂದರೆ ಅವರಿಗೆ ಖುಷಿಯಾಗುತ್ತದೆ. ಅಜ್ಜಿಗೆ ಫೋನ್ ಮಾಡಿದಾಗ ಇನ್ನೊಂದು ಮಾತು ಕೇಳುವುದನ್ನು ಮರೆಯಬೇಡಿ: ಅವರು ಹುಟ್ಟಿದಾಗ ಅವರನ್ನು ಮೊದಲು ಎತ್ತಿಕೊಂಡ ಸೂಲಗಿತ್ತಿಯ ಹೆಸರೇನು?